ಒಗ್ಗುವ ಮಾತ್ರೆ ಸಿಗೋಕೆ ಯಾಕಿಷ್ಟು ದಿನ?

ಮನೋವೈದ್ಯರು ಮೂರನೇ ಸಲ ಮಾತ್ರೆ ಬದಲಿಸಿದರೆ ಮನೆಯವರಿಗೆ ಸಿಟ್ಟು ಬರುತ್ತದೆ. "ನಮ್ಮ ಹುಡುಗನ ಮೇಲೆ ಪ್ರಯೋಗ ಮಾಡ್ತಿದ್ದಾರೆ" ಅನ್ನುತ್ತಾರೆ. ಸಿಟ್ಟು ಬರುವುದು ಸಹಜವೇ. ಆದರೆ ಈ ಔಷಧಿಗಳು ಹುಟ್ಟಿದ ಕತೆ ಗೊತ್ತಾದರೆ, ಡಾಕ್ಟರು ಯಾಕೆ ಹೀಗೆ ಕೊಟ್ಟು ನೋಡುತ್ತಾರೆ ಅನ್ನುವುದೂ ಗೊತ್ತಾಗುತ್ತದೆ.

ಮೊದಮೊದಲ ಮಾತ್ರೆಗಳಲ್ಲಿ ಹೆಚ್ಚಿನವು ಬೇರೇನನ್ನೋ ಹುಡುಕುವಾಗ ಸಿಕ್ಕಿದವು. ಫ್ರಾನ್ಸಿನ ಸರ್ಜನ್ ಆನ್ರಿ ಲಾಬೊರಿ ಆಪರೇಷನ್‌ಗೆಂದು ಬಳಸಿದ ಕ್ಲೋರ್‌ಪ್ರೊಮಝೈನ್, 1952ರಲ್ಲಿ ಪ್ಯಾರಿಸ್‌ನ ಸೇಂಟ್ ಆನ್ ಆಸ್ಪತ್ರೆಯಲ್ಲಿ ಮನೋರೋಗಿಗಳಿಗೆ ಉಪಯೋಗಕ್ಕೆ ಬಂತು. ಕ್ಷಯದ ಔಷಧಿ ಐಪ್ರೊನಯಝಿಡ್ ತೆಗೆದುಕೊಂಡ ರೋಗಿಗಳು ಇದ್ದಕ್ಕಿದ್ದಂತೆ ಲವಲವಿಕೆಯಿಂದ ಇರತೊಡಗಿದರು. ನಮ್ಮ ಸರ್ಪಗಂಧಿಯ ಬೇರನ್ನು ಬಿಪಿಗೂ ಬುದ್ಧಿಭ್ರಮಣೆಗೂ ಕೊಡಬಹುದು ಎಂದು ವೈದ್ಯರಾದ ಗಣನಾಥ ಸೇನ್, ಕಾರ್ತಿಕ ಚಂದ್ರ ಬೋಸ್ 1931ರಲ್ಲೇ ಬರೆದಿದ್ದರು. ಹೀಗೆ ಮೊದಲು ಗುಣ ಕಂಡಿತು, ಕಾರಣ ಹುಡುಕಿದ್ದು ಆಮೇಲೆ.

ಉನ್ಮಾದಕ್ಕೆ, ಅಂದರೆ ಮನಸ್ಸು ಮಿತಿಮೀರಿ ಉದ್ರೇಕಗೊಳ್ಳುವ ಕಾಯಿಲೆಗೆ ಕೊಡುವ ಲಿಥಿಯಂ ಕತೆಯಂತೂ ಮನಸ್ಸು ಕಲಕುತ್ತದೆ. ಆಸ್ಟ್ರೇಲಿಯಾದ ಮೆಲ್ಬರ್ನ್ ಹತ್ತಿರದ ಬುಂಡೂರಾದಲ್ಲಿ ಜಾನ್ ಕೇಡ್ ಎಂಬ ವೈದ್ಯರು ಬಳಕೆಯಲ್ಲಿಲ್ಲದ ಒಂದು ಅಡುಗೆ ಕೋಣೆಯನ್ನೇ ಲ್ಯಾಬ್ ಮಾಡಿಕೊಂಡಿದ್ದರು. ಗಿನಿ ಹಂದಿಗಳಿಗೆ ಲಿಥಿಯಂ ಉಪ್ಪು ಚುಚ್ಚಿದಾಗ ಅವು ಅಂಗಾತ ಮಲಗಿಸಿದರೂ ಸುಮ್ನೆ ಬಿದ್ದುಕೊಂಡವು. ಕೇಡ್ ಮೊದಲು ತಾವೇ ನುಂಗಿ ನೋಡಿದರು. 1948ರಲ್ಲಿ ಉನ್ಮಾದದ ರೋಗಿಯೊಬ್ಬರಿಗೆ ಕೊಟ್ಟರು. ಆತ ವರ್ಷಗಟ್ಟಲೆ ವಾರ್ಡಿನಲ್ಲಿದ್ದವರು. ಕೆಲವೇ ತಿಂಗಳಲ್ಲಿ ಹಳೆಯ ಕೆಲಸಕ್ಕೆ ಮರಳಿದರು! ಹುಷಾರಾದೆ ಎಂದು ಮಾತ್ರೆ ಬಿಟ್ಟರು, ಕಾಯಿಲೆ ಮತ್ತೆ ಬಂತು. ಪುನಃ ಲಿಥಿಯಂ ಶುರುವಾಯಿತು. 1950ರಲ್ಲಿ ಆ ಲಿಥಿಯಂ ಮೈಯಲ್ಲಿ ವಿಷವಾಗಿ ಅವರು ತೀರಿಕೊಂಡರು.

ಗುಣ ಮಾಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ಅಂತರ ಅಷ್ಟು ಕಮ್ಮಿ. ರಕ್ತದಲ್ಲಿ ಲಿಥಿಯಂ ಎಷ್ಟಿದೆ ಎಂದು ಅಳೆಯುವ ಪದ್ಧತಿ ಬಂದ ಮೇಲೆಯೇ ಅದು ನಂಬುವಂಥ ಔಷಧಿಯಾಯಿತು. ಅಮೆರಿಕ ಒಪ್ಪಿಗೆ ಕೊಟ್ಟದ್ದು 1970ರಲ್ಲಿ. ಇವತ್ತಿಗೂ ಈ ಟೆಸ್ಟ್‌ಗೆ ಹಿಂದಿನ ರಾತ್ರಿಯ ಡೋಸ್ ಆಗಿ ಸುಮಾರು 12 ಗಂಟೆ ಕಳೆದಿರಬೇಕು. ಬೆಳಗಿನ ಮಾತ್ರೆ ನುಂಗಿ ರಕ್ತ ಕೊಟ್ಟರೆ ಲೆಕ್ಕ ತಪ್ಪುತ್ತದೆ. ಜೋರು ಭೇದಿಯಾದರೆ, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ನುಂಗಿದರೆ ಲಿಥಿಯಂ ಮಟ್ಟ ಏರಬಹುದು. ಇದನ್ನು ಪ್ರತಿ ಮನೆಯವರಿಗೂ ಬಿಡಿಸಿ ಹೇಳಲೇಬೇಕು.

ಸ್ಕಿಜೋಫ್ರೇನಿಯಾ ಎಂಬ ಮನೋರೋಗಕ್ಕೆ ಕೊಡುವ ಕ್ಲೋಝಪಿನ್ ಕತೆಯೂ ಹೀಗೆಯೇ. 1975ರಲ್ಲಿ ಫಿನ್ಲೆಂಡಿನಲ್ಲಿ ಅದನ್ನು ತೆಗೆದುಕೊಂಡ ಹಲವರು ಬಿಳಿ ರಕ್ತಕಣ ಕುಸಿದು ಸತ್ತರು. ಔಷಧಿ ಮೂಲೆ ಸೇರಿತು. ಬೇರೆ ಮಾತ್ರೆಗೆ ಬಗ್ಗದ ಸ್ಕಿಜೋಫ್ರೇನಿಯಾದಲ್ಲಿ ಇದು ಕೆಲಸ ಮಾಡುತ್ತದೆ ಎಂದು 1988ರ ಅಧ್ಯಯನ ತೋರಿಸಿದ ಮೇಲೆ, ರಕ್ತಪರೀಕ್ಷೆಯ ಕಾವಲಿನೊಂದಿಗೆ ವಾಪಸ್ ಬಂತು.

ಖಿನ್ನತೆಗೆ ಮಾತ್ರ ರಕ್ತಪರೀಕ್ಷೆಯಂಥ ಅಳತೆಗೋಲು ಸಿಕ್ಕಿಲ್ಲ. ಅಮೆರಿಕದಲ್ಲಿ ಸುಮಾರು 4,000 ಜನರ ಮೇಲೆ ನಡೆದ ಸ್ಟಾರ್-ಡಿ ಅಧ್ಯಯನದ ಫಲಿತಾಂಶ 2006ರಲ್ಲಿ ಬಂತು. ಮೊದಲ ಮಾತ್ರೆಯಲ್ಲೇ ಪೂರ್ತಿ ಚೇತರಿಸಿಕೊಂಡವರು ಹೆಚ್ಚುಕಮ್ಮಿ ಮೂರರಲ್ಲಿ ಒಬ್ಬರು. ಉಳಿದವರದ್ದು ಅಪರೂಪದ ಕೇಸ್ ಅಲ್ಲ, ಅಲ್ವಾ? ಒಂದು ಮಾತ್ರೆ ಹಿಡಿಯಿತೋ ಇಲ್ಲವೋ ಅನ್ನೋಕೆ ವಾರಗಳೇ ಬೇಕು. ಬಾಯಿ ಒಣಗುವುದು, ಹೊಟ್ಟೆ ತೊಳಸುವುದು ಮೊದಲ ದಿನಗಳಲ್ಲೇ ಶುರುವಾಗಬಹುದು, ಸಮಾಧಾನ ಮಾತ್ರ ತಡ. ಜಾಸ್ತಿ ಜನ ಕೈಬಿಡುವುದು ಈ ನಡುವಿನ ದಿನಗಳಲ್ಲೇ.

ಜೀನ್ ಟೆಸ್ಟ್ ಸ್ವಲ್ಪ ನೆರವಾಗುತ್ತಿದೆ. ಮೂರ್ಛೆರೋಗಕ್ಕೂ ಉನ್ಮಾದಕ್ಕೂ ಕೊಡುವ ಕಾರ್ಬಮಝೆಪಿನ್ ಮಾತ್ರೆಯಿಂದ ಯಾರ ಚರ್ಮ ಭೀಕರವಾಗಿ ಸುಲಿಯಬಹುದು ಎಂಬ ಮುನ್ಸೂಚನೆಯನ್ನು ಅದು ಕೊಡಬಲ್ಲದು. ಯಾರಿಗೆ ಯಾವ ಮಾತ್ರೆ ಒಗ್ಗುತ್ತದೆ ಎಂದು ಖಚಿತವಾಗಿ ಹೇಳಲಾರದು. ಅದಕ್ಕೇ ಡಾಕ್ಟರು ಪ್ರತಿ ಸಲವೂ ಕೇಳುತ್ತಾರೆ: ನಿದ್ದೆ ಹೇಗಿದೆ, ತೂಕ ಏರಿತಾ, ಕೈ ನಡುಗುತ್ತಾ, ಎಷ್ಟು ಡೋಸ್ ತಪ್ಪಿತು?