ಹಡಗು ಕುಗ್ಗುತ್ತದೆ, ಹಗ್ಗ ಕುಗ್ಗುವುದಿಲ್ಲ

ನೂರು ಮೀಟರ್ ಉದ್ದದ ಹಳೆಯ ಸರಕು ಉಗಿಹಡಗೊಂದನ್ನು 1:100 ಅಳತೆಯಲ್ಲಿ ಕಟ್ಟಿದರೆ ಒಂದು ಮೀಟರ್‌ನ ಮಾದರಿಯಾಗುತ್ತದೆ. ಕಿಟ್ ಇಲ್ಲದೆ, ಬರೀ ನಕ್ಷೆ ಮತ್ತು ಹಳೆಯ ಫೋಟೊ ಮುಂದಿಟ್ಟುಕೊಂಡು ಕಟ್ಟುವವರನ್ನು ಒಡಲು ಅಷ್ಟಾಗಿ ಕಾಡುವುದಿಲ್ಲ. ತಿಂಗಳುಗಟ್ಟಲೆ ಹಿಡಿಯುವುದು ಡೆಕ್ಕಿನ ಮೇಲಿನ ಸರಂಜಾಮು: ಕಟಕಟೆ, ಏಣಿ, ಗಾಳಿಗೊಳವೆ, ಭಾರ ಎತ್ತಲು ಹಗ್ಗ ಸುತ್ತುವ ವಿಂಚು, ಲಂಗರು, ಜೀವರಕ್ಷಕ ದೋಣಿ, ಅದನ್ನು ಇಳಿಬಿಡುವ ಡೇವಿಟ್. ಪ್ರತಿಯೊಂದರ ಅಳತೆಯನ್ನೂ ನೂರರಿಂದ ಭಾಗಿಸಿದರೆ ಮುಗಿಯಿತು ಅನ್ನಿಸುತ್ತದೆ. ಮುಗಿಯುವುದಿಲ್ಲ. ನಮ್ಮ ಮಾತು ಕೇಳಿ ಕುಗ್ಗುವುದು ಉದ್ದ, ಅಗಲ, ಎತ್ತರ ಮಾತ್ರ. ಗುರುತ್ವ ಹಾಗೇ ಇರುತ್ತದೆ. ಲೋಹದ ಬಿಗುವು, ಕರಗಿದ ಬೆಸುಗೆಯ ಮೇಲ್ಮೈ ಸೆಳೆತ, ನೋಡುವ ಕಣ್ಣಿನ ಶಕ್ತಿ, ಇವೂ ಹಾಗೇ ಇರುತ್ತವೆ. ಬಿಡಿಭಾಗಗಳ ಕೆಲಸವೆಲ್ಲ ಈ ಕುಗ್ಗದ ಸಂಗತಿಗಳ ಜೊತೆಗಿನ ಚೌಕಾಸಿ.

ಮೊದಲು ಕಣ್ಣು. ಒಳ್ಳೆಯ ದೃಷ್ಟಿಯುಳ್ಳವರು ಸುಮಾರು ಒಂದು ಡಿಗ್ರಿಯ 60ನೇ ಒಂದು ಭಾಗದಷ್ಟು ಅಂತರವನ್ನು ಬಿಡಿಸಿ ನೋಡಬಲ್ಲರು. ಮಾದರಿಯಿಂದ 30 ಸೆಂ.ಮೀ. ದೂರ ನಿಂತರೆ ಅದು 0.09 ಮಿ.ಮೀ.; ನಿಜವಾದ ಹಡಗಿನಲ್ಲಿ 9 ಮಿ.ಮೀ. ಅಂದರೆ ಮಾದರಿಯನ್ನು ಬಗ್ಗಿ ನೋಡುವವನು ನಿಜವಾದ ಹಡಗಿನಿಂದ 30 ಮೀಟರ್ ದೂರದಲ್ಲಿ ನಿಂತವನಿಗೆ ಸಮ. ಅಲ್ಲಿಂದ ಕಾಣದ್ದನ್ನು ಮಾಡುವ ಹಂಗಿಲ್ಲ, ಕಾಣುವುದನ್ನು ಬಿಡುವಂತಿಲ್ಲ. ಒಡಲಿನ ತುಂಬ ಗುಳ್ಳೆ ಎದ್ದಂತೆ ರಿವೆಟ್ ಮೂಡಿಸುವ ಚಪಲ ನನಗೆ ಹಿಡಿಸದಿರುವುದು ಇದಕ್ಕೇ. ಹೊರಮೈಯ ರಿವೆಟ್‌ಗಳ ತಲೆಯನ್ನು ಬಹುಪಾಲು ತಗಡಿನ ಮಟ್ಟಕ್ಕೇ ತಗ್ಗಿಸುತ್ತಿದ್ದರು. 30 ಮೀಟರ್‌ನಿಂದ ಎದ್ದು ಕಾಣುತ್ತಿದ್ದುದು ತಗಡಿನ ಮೇಲೆ ತಗಡು ಕೂತ ಅಂಚು. ಬಣ್ಣವೂ ಲೆಕ್ಕಕ್ಕೆ ಬರುತ್ತದೆ. 0.05 ಮಿ.ಮೀ. ದಪ್ಪದ ಲೇಪವೆಂದರೆ ಹಡಗಿನ ಮೇಲೆ ಅರ್ಧ ಸೆಂಟಿಮೀಟರ್ ಬಣ್ಣ. ಕಷ್ಟಪಟ್ಟು ಕೊರೆದ ಗೆರೆಗಳು ಎರಡು ಕೈ ಬಣ್ಣಕ್ಕೇ ಮುಚ್ಚಿಹೋಗುತ್ತವೆ.

ಹಡಗು ಎಷ್ಟು ದೊಡ್ಡದು ಎಂಬುದನ್ನು ಕಣ್ಣಿಗೆ ಹೇಳುವುದು ಮನುಷ್ಯನ ಮೈಯಳತೆಗೆ ಮಾಡಿದ ವಸ್ತುಗಳು. ಕಟಕಟೆಯ ಎತ್ತರ ಸುಮಾರು ಒಂದು ಮೀಟರ್, ಏಣಿಯ ಮೆಟ್ಟಿಲಿನಿಂದ ಮೆಟ್ಟಿಲಿಗೆ ಸುಮಾರು 30 ಸೆಂ.ಮೀ. ಮಾದರಿಯಲ್ಲಿ ಇವು 10 ಮಿ.ಮೀ. ಮತ್ತು 3 ಮಿ.ಮೀ. ಕಟಕಟೆಯ ಕಂಬ 35 ಮಿ.ಮೀ. ಕೊಳವೆಯಾದರೆ ಬೇಕಾದುದು 0.35 ಮಿ.ಮೀ. ತಂತಿ. ಅದರ ಬದಲು ಸುಲಭವಾಗಿ ಕೈಗೆ ಬರುವ 0.8 ಮಿ.ಮೀ. ತಂತಿ ಹಾಕಿದರೆ ಇಡೀ ಹಡಗು ಆಟಿಕೆಯಾಗುತ್ತದೆ, ಒಡಲು ಎಷ್ಟೇ ಕರಾರುವಾಕ್ಕಾಗಿದ್ದರೂ.

ತೆಳು ಕಟಕಟೆಗೆ ಎರಡು ದಾರಿ. ಒಂದು, ಫೋಟೊ ಎಚಿಂಗ್. ಹಿತ್ತಾಳೆ ತಗಡಿಗೆ ಬೆಳಕಿಗೆ ಗಟ್ಟಿಯಾಗುವ ಲೇಪ ಬಳಿದು, ನಕ್ಷೆಯ ಫಿಲ್ಮ್ ಇಟ್ಟು, ಅತಿನೇರಳೆ ಬೆಳಕು ಬೀರಿ, ಗಟ್ಟಿಯಾಗದ ಲೇಪವನ್ನು ತೊಳೆದು, ಫೆರಿಕ್ ಕ್ಲೋರೈಡ್ ದ್ರಾವಣದಲ್ಲಿ ಮುಳುಗಿಸಿದರೆ ಬಯಲಾದ ಲೋಹ ಕರಗಿಹೋಗುತ್ತದೆ. ಆದರೆ ದ್ರಾವಣ ಕೆಳಗೆ ಕೊರೆಯುವಾಗ ಪಕ್ಕಕ್ಕೂ ಕೊರೆಯುತ್ತದೆ, ಹಾಗಾಗಿ ತಗಡಿನ ದಪ್ಪಕ್ಕಿಂತ ಸಣ್ಣ ಗೆರೆ ನಿಲ್ಲುವುದು ಕಷ್ಟ. ಬಂದ ಕಟಕಟೆಯೂ ಚಪ್ಪಟೆ. ಇನ್ನೊಂದು ದಾರಿ, ಮರದ ಹಲಗೆಯಲ್ಲಿ ತೋಡು ಕೊರೆದು, ತಂತಿಗಳನ್ನು ಕೂರಿಸಿ, ಒಂದೊಂದು ಸಂದನ್ನೂ ಬೆಸೆಯುವುದು. ಹತ್ತಿರದಿಂದ ನೋಡಿದರೆ ಇದರ ದುಂಡುತನಕ್ಕೆ ಸಾಟಿಯಿಲ್ಲ.

ತೊಂದರೆ ಬಿಸಿಯದು. ಲೋಹದಲ್ಲಿ ಬಿಸಿ ಹರಡಲು ಹಿಡಿಯುವ ಸಮಯ ದೂರದ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ: ದೂರ ಹತ್ತರಲ್ಲೊಂದಾದರೆ ಸಮಯ ನೂರರಲ್ಲೊಂದು. ಹಿತ್ತಾಳೆಯಲ್ಲಿ 10 ಮಿ.ಮೀ. ದಾಟಲು ಕೆಲವೇ ಸೆಕೆಂಡು ಸಾಕು. ಈ ಸಂದು ಬೆಸೆಯುವಷ್ಟರಲ್ಲಿ ಪಕ್ಕದ ಸಂದು ಬಿಚ್ಚಿಕೊಳ್ಳುತ್ತದೆ. ಅದಕ್ಕೇ ಬಲ್ಲವರು ಬೆಸುಗೆಗಳನ್ನು ಕರಗುವ ತಾಪದ ಕ್ರಮದಲ್ಲಿ ಬಳಸುತ್ತಾರೆ. ಮೊದಲು 600 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಕರಗುವ ಬೆಳ್ಳಿ ಬೆಸುಗೆ, ಆಮೇಲೆ 183 ಡಿಗ್ರಿಯ ತವರ-ಸೀಸದ ಬೆಸುಗೆ, ಕೊನೆಗೆ ಬಿಸ್ಮತ್ ಬೆರೆತ, 70 ಡಿಗ್ರಿಗೇ ಕರಗುವ ಮಿಶ್ರಲೋಹ. (ಈ ಕೊನೆಯ ಬಗೆಯಲ್ಲಿ ಕೆಲವಕ್ಕೆ ಕ್ಯಾಡ್ಮಿಯಂ ಸೇರಿರುತ್ತದೆ, ಅದರ ಹೊಗೆ ವಿಷ, ಅಂಥದ್ದನ್ನು ದೂರವಿಡುವುದೇ ಲೇಸು.) ಮೇಲ್ಮೈ ಸೆಳೆತ ಇಲ್ಲಿ ಮಿತ್ರನೂ ಹೌದು, ಶತ್ರುವೂ ಹೌದು. ಸಂದಿನೊಳಕ್ಕೆ ಬೆಸುಗೆಯನ್ನು ಹೀರುವುದು ಅದೇ, ಚೂರು ಹೆಚ್ಚಾದರೆ ಸಂದಿನ ಸುತ್ತ ಗಂಟು ಕಟ್ಟುವುದೂ ಅದೇ.

ಉಗಿಹಡಗಿನ ಗುರುತಾಗಿಬಿಟ್ಟಿರುವ ಬಿಡಿಭಾಗ ಗಾಳಿಗೊಳವೆ: ಬಾಗಿದ ಕತ್ತು, ಅಗಲ ಬಾಯಿ. ಅದು ಅಲಂಕಾರವಲ್ಲ. ಒಂದು ಕಿಲೊ ಕಲ್ಲಿದ್ದಲು ಪೂರ್ತಿ ಉರಿಯಲು ಸುಮಾರು 11 ಕಿಲೊ ಗಾಳಿ ಬೇಕು. ಕುಲುಮೆಗಳಿಗೂ ಅಲ್ಲಿ ಬೇಯುತ್ತಿದ್ದ ಕಾರ್ಮಿಕರಿಗೂ ಗಾಳಿ ಇಳಿಯುತ್ತಿದ್ದುದು ಇವುಗಳ ಮೂಲಕ. ಸೆಕೆಂಡಿಗೆ 10 ಮೀಟರ್ ವೇಗದ ಗಾಳಿ ಕೊಳವೆಯ ಬಾಯಿಗೆ ಹೇರುವ ಒತ್ತಡ ಸುಮಾರು 60 ಪ್ಯಾಸ್ಕಲ್, ಅಂದರೆ 6 ಮಿ.ಮೀ. ನೀರಿನ ಎತ್ತರದಷ್ಟು. ಇಷ್ಟೇ ಇಷ್ಟನ್ನು ಹಿಡಿಯಲು ನಾವಿಕರು ಗಾಳಿ ಬೀಸುವ ಕಡೆಗೆ ಬಾಯಿ ತಿರುಗಿಸುತ್ತಿದ್ದರು. ಕೆಲವನ್ನು ಬೇಕೆಂದೇ ಬೆನ್ನು ಮಾಡಿ ಇಟ್ಟು ಒಳಗಿನ ಬಿಸಿಗಾಳಿಯನ್ನು ಹೊರಗೆಳೆಯುತ್ತಿದ್ದರು. ಮಾದರಿಯಲ್ಲಿ ಎಲ್ಲ ಕೊಳವೆಗಳೂ ಶಿಸ್ತಾಗಿ ಮುಂದಕ್ಕೇ ಮುಖ ಮಾಡಿ ನಿಂತಿದ್ದರೆ ಆ ಹಡಗಿನಲ್ಲಿ ಯಾರೂ ಕೆಲಸ ಮಾಡುತ್ತಿಲ್ಲ ಎಂದೇ ಅರ್ಥ.

ಆ ಬಾಯಿಯನ್ನು ಮಾಡುವುದು ಹೇಗೆ? ಮೇಣ ಅಥವಾ ಮರದಲ್ಲಿ ಮೂಲ ರೂಪ ಮಾಡಿ, ಸಿಲಿಕೋನ್ ಅಚ್ಚು ತೆಗೆದು, ರಾಳ ಎರೆಯಬಹುದು. ಈಗ ರಾಳದ 3ಡಿ ಮುದ್ರಣವೂ ಇದೆ. ಬಾಯಿಯ ಅಂಚು ದಪ್ಪವಾಗುವುದು ಇವೆರಡರ ಕುಂದು. ನನಗೆ ಮೆಚ್ಚುಗೆಯಾಗುವುದು ವಿಜ್ಞಾನಿ ಮೊರಿಟ್ಜ್ ಯಾಕೋಬಿ 1838ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಕಂಡುಕೊಂಡ ವಿಧಾನ. ಮೇಣದ ರೂಪಕ್ಕೆ ವಿದ್ಯುತ್ ಹರಿಯಲೆಂದು ಗ್ರಾಫೈಟ್ ಪುಡಿ ಬಳಿದು, ತಾಮ್ರದ ಸಲ್ಫೇಟ್ ದ್ರಾವಣದಲ್ಲಿ ಇಳಿಬಿಟ್ಟು, ಅದರ ಮೇಲೆ ತಾಮ್ರ ಕೂರಿಸುವುದು. ಹರಿದ ವಿದ್ಯುತ್ತಿಗೆ ತಕ್ಕಷ್ಟು ಲೋಹ ಕೂರುತ್ತದೆ ಎಂಬ ಫ್ಯಾರಡೆಯ ನಿಯಮದಿಂದ ದಪ್ಪವನ್ನು ಮೊದಲೇ ಲೆಕ್ಕ ಹಾಕಬಹುದು: 100 ಚದರ ಸೆಂ.ಮೀ.ಗೆ 2 ಆಂಪಿಯರ್ ಹರಿಸಿದರೆ ಗಂಟೆಗೆ ಸುಮಾರು 0.026 ಮಿ.ಮೀ. ನಾಲ್ಕು ಗಂಟೆಗೆ 0.1 ಮಿ.ಮೀ. ಚಿಪ್ಪು ಸಿದ್ಧ, ಬಿಸಿನೀರಿನಲ್ಲಿ ಮೇಣ ಕರಗಿಸಿದರೆ ಒಳಗೆ ಟೊಳ್ಳು. ಅಂಚುಗಳಲ್ಲಿ ವಿದ್ಯುತ್ ದಟ್ಟವಾಗಿ ಹರಿಯುವುದರಿಂದ ತುಟಿಯಲ್ಲಿ ತಾಮ್ರ ಕೊಂಚ ಹೆಚ್ಚು ಕೂರುತ್ತದೆ. ನಿಜವಾದ ಕೊಳವೆಗಳ ತುಟಿಯಲ್ಲೂ ಗಟ್ಟಿತನಕ್ಕಾಗಿ ಸುರುಳಿ ಅಂಚು ಇರುತ್ತಿದ್ದುದರಿಂದ ಈ ದೋಷ ಪುಕ್ಕಟೆಯ ವರ.

ವಿಂಚಿನ ಬಗ್ಗೆ ಒಂದೇ ಮಾತು. ಉಗಿ ವಿಂಚಿಗೆ ಸಾಮಾನ್ಯವಾಗಿ ಎರಡು ಸಿಲಿಂಡರ್, ಪಿಸ್ಟನ್ನಿನ ಓಡಾಟವನ್ನು ತಿರುಗುವಿಕೆಯಾಗಿಸುವ ಅವುಗಳ ಕ್ರ್ಯಾಂಕ್‌ಗಳ ನಡುವೆ 90 ಡಿಗ್ರಿ ಕೋನ. ಒಂದು ಪಿಸ್ಟನ್ ತುದಿ ಮುಟ್ಟಿ ಅಶಕ್ತವಾದಾಗ ಇನ್ನೊಂದು ಮಧ್ಯದಲ್ಲಿರುತ್ತದೆ, ಯಂತ್ರ ಎಲ್ಲಿ ನಿಂತಿದ್ದರೂ ಮತ್ತೆ ಹೊರಡುತ್ತದೆ. ಎರಡನ್ನೂ ಒಂದೇ ಕೋನದಲ್ಲಿ ಅಂಟಿಸಿದ ವಿಂಚು ತಿಳಿದವರ ಕಣ್ಣಿಗೆ ತಕ್ಷಣ ಬೀಳುತ್ತದೆ.

ಹಗ್ಗ ಮಾತ್ರ ಎಲ್ಲಕ್ಕಿಂತ ಹಟಮಾರಿ. ಎರಡು ತುದಿಗಳ ನಡುವೆ ತೂಗುವ ಸರಪಳಿಯ ಆಕಾರ ಯಾವುದೆಂದು 1691ರಲ್ಲಿ ಗಣಿತಜ್ಞರಾದ ಹೈಗೆನ್ಸ್, ಲೈಬ್ನಿಜ್ ಮತ್ತು ಯೊಹಾನ್ ಬರ್ನೂಲಿ ತೋರಿಸಿಕೊಟ್ಟರು. ಆ ಆಕಾರ ಉದ್ದ ಮತ್ತು ಅಂತರದ ಪ್ರಮಾಣವನ್ನಷ್ಟೇ ನೆಚ್ಚಿದ್ದು. ಆದ್ದರಿಂದ ಲಂಗರಿನ ಸರಪಳಿಯನ್ನು ನೂರು ಪಟ್ಟು ಚಿಕ್ಕದು ಮಾಡಿದರೂ ಅದು ತಕ್ಕಂತೆಯೇ ಜೋತುಬೀಳುತ್ತದೆ. ಹಗ್ಗಕ್ಕೆ ಸರಪಳಿಗಿಲ್ಲದ ಬಾಗುವಿಕೆಯ ಬಿಗುವಿದೆ. ತೂಕ ವ್ಯಾಸದ ವರ್ಗದಂತೆ ಇಳಿದರೆ ಬಿಗುವು ನಾಲ್ಕನೇ ಘಾತದಂತೆ ಇಳಿಯುತ್ತದೆ, ನಿಜ. ಆದರೆ ಉದ್ದವೂ ಕುಗ್ಗಿರುವುದರಿಂದ ಒಟ್ಟು ಲೆಕ್ಕದಲ್ಲಿ 1:100ರ ದಾರ ತನ್ನ ತೂಕಕ್ಕೆ ಹೋಲಿಸಿದರೆ ಹೆಚ್ಚುಕಡಿಮೆ ನೂರು ಪಟ್ಟು ಬಿಗಿ. ಸರಕು ಎತ್ತುವ ತೋಳಾದ ಡೆರಿಕ್‌ನಿಂದ ಸಡಿಲವಾಗಿ ತೂಗಬೇಕಾದ ಹಗ್ಗ ಸೆಟೆದು ಪಕ್ಕಕ್ಕೆ ಚಾಚಿಕೊಳ್ಳುತ್ತದೆ. ಅದಕ್ಕೆ ದಾರವನ್ನು ತೆಳು ಅಂಟಿನಲ್ಲಿ ನೆನೆಸಿ, ಪುಟ್ಟ ತೂಕ ಕಟ್ಟಿ, ಬೇಕಾದ ಬಾಗಿನಲ್ಲೇ ಒಣಗಿಸುತ್ತಾರೆ. ಮೆದು ತಾಮ್ರದ ತಂತಿ ಹೊಸೆದು ಹಗ್ಗವೆಂದು ನಂಬಿಸುವವರೂ ಇದ್ದಾರೆ, ಅದು ಮೋಸವೇನಲ್ಲ.

ಮಾದರಿ ನೀರಿಗಿಳಿಯುವುದಾದರೆ ತೂಕದ ಲೆಕ್ಕವೂ ಶುರು. ಗಾತ್ರ ಘನದಂತೆ ಕುಗ್ಗುವುದರಿಂದ 5,000 ಟನ್ ಹಡಗಿಗೆ ಇಲ್ಲಿ ಸಿಗುವುದು 5 ಕಿಲೊ. ಒಂದು ಗ್ರಾಂ ಒಂದು ಟನ್ನಿಗೆ ಸಮ. ಹೊಗೆಕೊಳವೆಯ ತಗಡು ನಿಜದಲ್ಲಿ 6 ಮಿ.ಮೀ. ಇದ್ದರೆ ಮಾದರಿಯಲ್ಲಿ 0.06 ಇರಬೇಕಿತ್ತು, 0.3 ಮಿ.ಮೀ. ಹಿತ್ತಾಳೆ ಸುತ್ತಿದರೆ ತೂಕ ಐದು ಪಟ್ಟಿಗೂ ಹೆಚ್ಚು, ಅದೂ ಎತ್ತರದಲ್ಲಿ. ಇಂಥವು ನಾಲ್ಕಾರು ಸೇರಿದರೆ ಗುರುತ್ವ ಕೇಂದ್ರ ಮೇಲೇರಿ, ಹಡಗು ಸಣ್ಣ ಅಲೆಗೂ ಮಗುಚಲು ನೋಡುತ್ತದೆ. ಹಾಗಾಗಿ ಹಿತ್ತಾಳೆಯ ಸೊಗಸೆಲ್ಲ ಡೆಕ್ ಮಟ್ಟಕ್ಕೆ, ಹಗ್ಗ ಕಟ್ಟುವ ಗಿಡ್ಡ ಕಂಬಗಳಾದ ಬೊಲಾರ್ಡ್ ಮತ್ತು ವಿಂಚುಗಳಿಗೆ. ಹೊಗೆಕೊಳವೆ, ಮಾಸ್ಟ್, ದೋಣಿಗಳು ತೆಳು ಪ್ಲಾಸ್ಟಿಕ್‌ನಲ್ಲಿ. 8 ಸೆಂ.ಮೀ. ದೋಣಿಯನ್ನು ಗಟ್ಟಿಮರದಲ್ಲಿ ಇಡಿಯಾಗಿ ಕೆತ್ತಿದರೆ ಅದರ ಪಾಲಿನ ಗ್ರಾಂಗಳು ಮೀರಿಹೋಗುತ್ತವೆ. ಒಂದೇ ಮರದ ಅಚ್ಚು ಕೆತ್ತಿ, ಬಿಸಿ ಮಾಡಿದ ಪ್ಲಾಸ್ಟಿಕ್ ಹಾಳೆಯನ್ನು ಅದರ ಮೇಲೆ ನಿರ್ವಾತದಿಂದ ಎಳೆದರೆ ಎಲ್ಲ ದೋಣಿಗಳೂ ಒಂದೇ ತೆರನಾಗಿ, ಹಗುರವಾಗಿ ಬರುತ್ತವೆ. ಮೇಲೆ ತೆಳು ಕಾಗದದ ಹೊದಿಕೆ ಎಳೆದು ಕಟ್ಟಿದರೆ ಒಳಗಿನ ಆಸನ, ಹುಟ್ಟುಗಳನ್ನು ಮಾಡುವ ಕೆಲಸವೂ ಉಳಿಯುತ್ತದೆ. ನಿಜವಾದ ಹಡಗಿನಲ್ಲೂ ದೋಣಿಗಳಿಗೆ ಕ್ಯಾನ್ವಾಸ್ ಹೊದಿಸಿಯೇ ಇಡುತ್ತಿದ್ದರು.