ಟಿಳಕವಾಡಿಯ ಮಾಳಿಗೆ, ಕೇರ್‌ಫಿಲಿಯ ಕಾರ್ ಪಾರ್ಕ್

ಬೆಳಗಾವಿಯ ಟಿಳಕವಾಡಿಯಲ್ಲಿ, ಎರಡನೇ ರೈಲ್ವೆ ಗೇಟಿನ ಹತ್ತಿರ ನನ್ನ ಅಕ್ಕನ ಮನೆ. ಭಾನುವಾರ ಸಂಜೆ ಅಲ್ಲಿ ಮಾಳಿಗೆ ಮೇಲಿನ ಕೋಣೆಯಲ್ಲಿ ಅಕ್ಕನ ಮಗ, ಅವನ ಮೂವರು ಗೆಳೆಯರು ಸೇರುತ್ತಾರೆ. ಎರಡು ಗಿಟಾರು, ಸೆಕೆಂಡ್ ಹ್ಯಾಂಡ್ ಡ್ರಮ್ಮು, ಒಂದು ಮೈಕು. ನಲವತ್ತು ನಿಮಿಷ ಬಾರಿಸುತ್ತಾರೆ. ಆಮೇಲೆ ಎದುರು ಮನೆಯ ಕಾಕಾ ಗೇಟಿಗೆ ಬಂದು ನಿಲ್ಲುತ್ತಾರೆ. ‘ಏನ್ ಪಾ ಇದು, ಮ್ಯಾಲೆ ತಗಡು ಬಡ್ಯಾಕತ್ತಾರೇನು?’

ಗಣಪತಿ ವಿಸರ್ಜನೆಯ ಮೆರವಣಿಗೆ ಮರುದಿನದವರೆಗೂ ನಡೆಯುವ ಊರು ಇದು. ಆಗ ಡಿಜೆ ಸದ್ದಿಗೆ ಕಿಟಕಿ ಗಾಜು ನಡುಗಿದರೂ ಕಾಕಾ ಮಾತಾಡುವುದಿಲ್ಲ. ಹಾಗಾದರೆ ತಕರಾರು ಸದ್ದಿನದಲ್ಲ, ಅಲ್ವಾ?

ಹುಡುಗರು ಬಾರಿಸುವುದು ಪಂಕ್, ರಾಕ್ ಸಂಗೀತದ ಒಂದು ಒರಟು ಬಗೆ. ಎರಡು-ಎರಡೂವರೆ ನಿಮಿಷದ ಹಾಡು, ಓಡುವ ತಾಳ, ಹಾಡುವುದಕ್ಕಿಂತ ಕೂಗುವುದೇ ಜಾಸ್ತಿ. ಇಂಗ್ಲಿಷಿನಲ್ಲಿ ಆ ಪದಕ್ಕೆ ಪೋಲಿ, ಕೆಲಸಕ್ಕೆ ಬಾರದವ ಎಂಬ ಅರ್ಥ ಮೊದಲಿನಿಂದ ಇತ್ತು. ನಮ್ಮ ‘ಪುಂಡ’ ಅದರ ಪಕ್ಕದಲ್ಲೇ ನಿಂತಂತೆ ಕೇಳಿಸುತ್ತದೆ. ಸಂಬಂಧ ಏನಿಲ್ಲ, ಸುಮ್ನೆ ಹೇಳಿದೆ. ತಮಾಷೆ ಎಂದರೆ ಈ ಹೆಸರನ್ನು ಚಾಲ್ತಿಗೆ ತಂದವರು ವಿಮರ್ಶಕರು. 1970ರ ದಶಕದ ಶುರುವಿನಲ್ಲಿ ಅಮೆರಿಕದ ‘ಕ್ರೀಮ್’ನಂಥ ಪತ್ರಿಕೆಗಳಲ್ಲಿ, ಮನೆಯ ಗ್ಯಾರೇಜಿನಲ್ಲೇ ಬಾರಿಸಿ ಕಲಿತ ಹಳೆಯ ಒರಟು ‘ಗ್ಯಾರೇಜ್ ಬ್ಯಾಂಡು’ಗಳನ್ನು ಹೊಗಳಲು ಈ ಪದ ಬಳಸಿದರು. ಪಂಕ್ ಎಂದರೆ ಮೊದಲು ನೆನಪಾಗುವ ಲಂಡನ್ನಿನ ಬ್ಯಾಂಡ್ ಸೆಕ್ಸ್ ಪಿಸ್ತೂಲ್ಸ್ ಆಗಿನ್ನೂ ಹುಟ್ಟಿರಲಿಲ್ಲ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿದ ಹಾಗೆ.

ಬ್ರಿಟನ್ನಿನ ಊರುಗಳ ಜನರಿಗೆ ಪಂಕ್ ಗೊತ್ತಾದದ್ದು ಬೇರೆ ದಾರಿಯಿಂದ. 1976ರ ಡಿಸೆಂಬರ್ 1ರ ಸಂಜೆ ಲಂಡನ್ನಿನ ಟಿವಿಯಲ್ಲಿ ನಿರೂಪಕ ಬಿಲ್ ಗ್ರಂಡಿ ಸೆಕ್ಸ್ ಪಿಸ್ತೂಲ್ಸ್ ಹುಡುಗರನ್ನು ಕೆಣಕಿದ. ಅವರು ನೇರ ಪ್ರಸಾರದಲ್ಲೇ ಬೈದರು. ಮರುದಿನ ಪೇಪರುಗಳ ಮುಖಪುಟದಲ್ಲಿ ಅದೇ ಸುದ್ದಿ. ಅದೇ ಹೊತ್ತಿಗೆ ಬ್ಯಾಂಡಿನ ದೇಶ ಸುತ್ತುವ ಪ್ರವಾಸ ಶುರುವಾಗಬೇಕಿತ್ತು. ಒಂದೊಂದೇ ಊರು ಬಾಗಿಲು ಹಾಕಿತು. ಸುಮಾರು ಇಪ್ಪತ್ತು ಕಾರ್ಯಕ್ರಮಗಳಲ್ಲಿ ನಡೆದದ್ದು ಬೆರಳೆಣಿಕೆಯಷ್ಟು.

ಡರ್ಬಿ ಎಂಬ ಊರಿನ ಕೌನ್ಸಿಲರುಗಳು ಇನ್ನೊಂದು ಹೆಜ್ಜೆ ಮುಂದೆ ಹೋದರು. ಮೊದಲು ನಮ್ಮ ಮುಂದೆ ಹಾಡಿ ತೋರಿಸಿ, ಆಮೇಲೆ ಪರ್ಮಿಶನ್ ಕೊಡುವುದೋ ಬೇಡವೋ ನೋಡುತ್ತೇವೆ ಎಂದರು. ಬ್ಯಾಂಡಿನವರು ಹೋಗಲೇ ಇಲ್ಲ. ಖಾಲಿ ಹಾಲಿನಲ್ಲಿ ಕೌನ್ಸಿಲರುಗಳು ಕಾದು ಕೂತ ಆ ಚಿತ್ರ ನನಗೆ ಬಹಳ ಇಷ್ಟ. ನಮ್ಮ ಯಾವುದೇ ಊರಿನ ಉತ್ಸವ ಕಮಿಟಿಯನ್ನು ಅಲ್ಲಿ ಕೂರಿಸಿ ನೋಡಬಹುದು, ಏನೂ ವ್ಯತ್ಯಾಸ ಕಾಣುವುದಿಲ್ಲ.

ವೇಲ್ಸ್‌ನ ಕೇರ್‌ಫಿಲಿ ಅದಕ್ಕಿಂತ ಸಣ್ಣ ಊರು. ಡಿಸೆಂಬರ್ 14ರಂದು ಅಲ್ಲಿನ ಕ್ಯಾಸಲ್ ಸಿನಿಮಾ ಥೇಟರಿನಲ್ಲಿ ಕಾರ್ಯಕ್ರಮ ನಡೆದೇ ಬಿಟ್ಟಿತು. ಹೊರಗೆ ಕಾರ್ ಪಾರ್ಕಿನಲ್ಲಿ ಊರಿನವರು ಚಳಿಯಲ್ಲಿ ನಿಂತು ಕ್ರಿಸ್‌ಮಸ್ ಭಜನೆ ಹಾಡಿದರು. ಪಾದ್ರಿಗಳು ಪ್ರಾರ್ಥನೆ ಮಾಡಿದರು. ಒಳಗೆ ಒಂದು ಹಾಡು, ಹೊರಗೆ ಒಂದು ಹಾಡು. ಹೊರಗಿದ್ದವರಿಗೆ ಸಂಗೀತದ ಬಗ್ಗೆ ತಕರಾರೇ ಇರಲಿಲ್ಲ. ಅವರಿಗೆ ಇದ್ದದ್ದು ಮನೆ ಮಕ್ಕಳ ಚಿಂತೆ. ವಿಮರ್ಶಕ ಹಾಡು ಕೇಳುತ್ತಾನೆ. ಊರಿನವರು ಹುಡುಗರನ್ನು ನೋಡುತ್ತಾರೆ: ಇವ ಯಾರ ಮಗ, ಕೂದಲು ಯಾಕೆ ಹಂಗೆ, ಡಿಗ್ರಿ ಮುಗೀತಾ?

ಹಾಗಂತ ವಿಮರ್ಶಕರೆಲ್ಲ ಹೂಮಾಲೆ ಹಿಡಿದು ನಿಂತಿರಲಿಲ್ಲ. 1976ರಲ್ಲಿ ಒಬ್ಬ ಹೆಸರಾಂತ ವಿಮರ್ಶಕ ಲಂಡನ್ನಿನ ಇನ್ನೊಂದು ಪಂಕ್ ಬ್ಯಾಂಡ್ ‘ದ ಕ್ಲ್ಯಾಶ್’ಅನ್ನು ವಾಪಸ್ ಗ್ಯಾರೇಜಿಗೇ ಅಟ್ಟಬೇಕು ಎಂಬರ್ಥದಲ್ಲಿ ಬರೆದ. ಬ್ಯಾಂಡಿನವರು ಅದನ್ನೇ ಹಾಡು ಮಾಡಿಕೊಂಡರು. ಬೈಗುಳವೂ ಅವರಿಗೆ ಕಚ್ಚಾ ಮಾಲು.

ವಿಮರ್ಶಕರು ನಿಜವಾಗಿ ಕೆಲಸಕ್ಕೆ ಬಂದದ್ದು ದೂರದ ಊರುಗಳಿಗೆ. ಆಸ್ಟ್ರೇಲಿಯಾದ ಬ್ರಿಸ್ಬೇನ್ ಆಗ ಮಲಗಿದ ಊರು, ಬಿಗಿ ಸರ್ಕಾರ, ಪೊಲೀಸರ ಕಾಟ. ಅಲ್ಲಿನ ‘ದ ಸೇಂಟ್ಸ್’ ಹುಡುಗರಿಗೆ ಹಾಡಲು ಜಾಗ ಸಿಗದೆ ತಾವಿದ್ದ ಮನೆಯಲ್ಲೇ ಕಾರ್ಯಕ್ರಮ ಮಾಡಿದರು. 1976ರಲ್ಲಿ ಕೈಯಿಂದ ದುಡ್ಡು ಹಾಕಿ 500 ರೆಕಾರ್ಡು ಒತ್ತಿಸಿದರು. ಸೆಕ್ಸ್ ಪಿಸ್ತೂಲ್ಸ್‌ರ ಮೊದಲ ರೆಕಾರ್ಡು ಆಗಿನ್ನೂ ಬಂದಿರಲಿಲ್ಲ. ಊರು ತಿರುಗಿಯೂ ನೋಡಲಿಲ್ಲ. ಒಂದು ಪ್ರತಿ ಲಂಡನ್ನಿನ ‘ಸೌಂಡ್ಸ್’ ಪತ್ರಿಕೆಗೆ ಹೋಯಿತು. ಇದು ಈ ವಾರದ್ದಷ್ಟೇ ಅಲ್ಲ, ಎಲ್ಲ ವಾರಗಳ ಹಾಡು ಎಂದು ಅದು ಬರೆಯಿತು. ಆಮೇಲೆ ಇಎಂಐ ಎಂಬ ರೆಕಾರ್ಡ್ ಕಂಪನಿಯ ಲಂಡನ್ ಕಚೇರಿ ಸಿಡ್ನಿ ಕಚೇರಿಗೆ ಹೇಳಿತು, ನಿಮ್ಮಲ್ಲೇ ಇರುವ ಆ ಹುಡುಗರನ್ನು ಹಿಡಿಯಿರಿ ಅಂತ. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಇಂಗ್ಲಿಷಿನವರಿಗೂ ಗೊತ್ತಿದ್ದ ಹಾಗಿದೆ.

ಈ ಕಥೆ ನಮ್ಮ ಜಿಲ್ಲೆಗೆ ಹೊಸದೇನಲ್ಲ. ಬೈಲಹೊಂಗಲದ ಕಡೆ ನಡೆದದ್ದೆಂದು ಹೇಳುವ ಕಥೆಯ ಮೇಲೆ ಕಟ್ಟಿದ ‘ಸಂಗ್ಯಾ ಬಾಳ್ಯಾ’ ಸಣ್ಣಾಟವನ್ನೇ ನೋಡಿ. ಅದರಲ್ಲಿ ದೇವರಿಲ್ಲ, ರಾಜನಿಲ್ಲ. ಹಾದರ, ಗೆಳೆಯನ ದ್ರೋಹ, ಕೊಲೆ, ಮತ್ತು ಓಣಿಯ ಭಾಷೆ. ಆಟ ಇದೆ ಎಂದರೆ ನಮ್ಮ ಅಜ್ಜಿ ಮಕ್ಕಳನ್ನು ಒಳಗೆ ಹಾಕಿ ಅಗಳಿ ಹಾಕುತ್ತಿದ್ದಳು. ಆದರೆ ಬೆಳಗಿನ ಜಾವ ಅಂಗಳ ಗುಡಿಸುವಾಗ ಅದೇ ಹಾಡು ಗುನುಗುತ್ತಿದ್ದಳು. ಎಲ್ಲಿಂದ ಕೇಳಿದಳೋ! ಓದಿದವರ ಕಣ್ಣಿಗೆ ಅದು ಬಿದ್ದದ್ದು ಎಷ್ಟೋ ತಡವಾಗಿ. ಇದೇ ಜಿಲ್ಲೆಯ ಘೋಡಗೇರಿಯ ಚಂದ್ರಶೇಖರ ಕಂಬಾರರು 1960ರ ದಶಕದಲ್ಲಿ ಅದನ್ನು ಸಂಪಾದಿಸಿ ಅಚ್ಚಿಗೆ ತಂದರು. ಆಮೇಲೆ ಅದು ‘ಜಾನಪದ ರಂಗಭೂಮಿ’ ಆಯಿತು. ಅಲ್ಲಿಯವರೆಗೆ ಬರೀ ಪೋಲಿ ಆಟ.

ಈಗ ಆ ಜಾಗದಲ್ಲಿ ಟ್ರ್ಯಾಕ್ಟರ್ ಹಾಡುಗಳಿವೆ. ಕಬ್ಬಿನ ಸೀಸನ್ನಿನಲ್ಲಿ ಮುಧೋಳ, ಜಮಖಂಡಿ ಕಡೆ ರಸ್ತೆಗಿಳಿದರೆ ಸಾಕು. ಕಬ್ಬಿನ ಟ್ರಾಲಿ ಎಳೆಯುವ ಟ್ರ್ಯಾಕ್ಟರಿನಲ್ಲಿ ದೊಡ್ಡ ದೊಡ್ಡ ಸ್ಪೀಕರು, ಅದರಲ್ಲಿ ಡಿಜೆ ಬೀಟಿನ ‘ಜಾನಪದ’. ಸಣ್ಣ ಸ್ಟುಡಿಯೋದಲ್ಲಿ, ಒಂದು ಕೀಬೋರ್ಡು, ಒಂದು ಪ್ಯಾಡು, ಒಂದು ಕಂಪ್ಯೂಟರಿನಲ್ಲಿ ಹುಟ್ಟಿದ ಹಾಡುಗಳವು. ಯೂಟ್ಯೂಬಿಗೆ ಹಾಕಿದರೆ ಮುಗಿಯಿತು, ಯಾರನ್ನೂ ಕೇಳಬೇಕಿಲ್ಲ. ಇಂಗ್ಲೆಂಡಿನ ಬಜ್‌ಕಾಕ್ಸ್ ಹುಡುಗರು 1977ರ ಜನವರಿಯಲ್ಲಿ ಸಾಲ ಮಾಡಿದ 500 ಪೌಂಡಿನಲ್ಲಿ ತಮ್ಮದೇ ರೆಕಾರ್ಡು ತಂದರು. ಇವತ್ತಿಗೂ ಅದನ್ನು ದೊಡ್ಡ ಕ್ರಾಂತಿ ಎಂದು ಬರೆಯುತ್ತಾರೆ. ಮುಧೋಳದ ಹುಡುಗರು ಅದನ್ನೇ ಮಾಡಿದರೆ ಯಾರೂ ಬರೆಯುವುದಿಲ್ಲ. ಬರೆದರೂ ಎರಡರ್ಥದ ಸಾಹಿತ್ಯ, ಜಾನಪದ ಹಾಳಾಯಿತು ಎನ್ನುತ್ತಾರೆ. ಕೆಲವು ಹಾಡುಗಳ ಬಗ್ಗೆ ಆ ಮಾತು ನಿಜವೇ. ಹೆಣ್ಣುಮಕ್ಕಳನ್ನು ಕುರಿತ ಸಾಲುಗಳನ್ನು ನಾನೂ ಸಹಿಸಲಾರೆ. ಆದರೆ ಕೇಳಿಯೇ ಇಲ್ಲದವರು ಬೈಯುವುದು ಬೇರೆ ವಿಷಯ.

ನೋಡಿ, ಲೆಕ್ಕ ಇಲ್ಲಿ ತಿರುಗಾಮುರುಗಾ. ಬ್ರಿಸ್ಬೇನಿನಲ್ಲಿ ವಿಮರ್ಶಕ ಒಪ್ಪಿದ, ಊರು ಒಪ್ಪಲಿಲ್ಲ. ಮುಧೋಳದಲ್ಲಿ ಊರು ಕುಣಿಯುತ್ತಿದೆ, ವಿಮರ್ಶಕ ಬಂದೇ ಇಲ್ಲ. ಟಿಳಕವಾಡಿಯ ಹುಡುಗರಿಗೆ ಎರಡೂ ಇಲ್ಲ.

ಹೊರಗಿನವರು ಬಂದರೂ ಏನು ಕೇಳುತ್ತಾರೆ ಎನ್ನುವುದು ಗೊತ್ತಿರುವುದೇ. ಉತ್ತರ ಐರ್ಲೆಂಡಿನ ಡೆರಿ ಊರಿನ ‘ದ ಅಂಡರ್‌ಟೋನ್ಸ್’ ಹುಡುಗರಿಗೂ ಅದೇ ಆಯಿತು. 1972ರಲ್ಲಿ ಸೈನಿಕರ ಗುಂಡಿಗೆ ಒಂದೇ ದಿನ 13 ಜನ ಸತ್ತ ಊರದು. ಈ ಹುಡುಗರು ಹಾಡಿದ್ದು ಪಕ್ಕದ ಬೀದಿಯ ಹುಡುಗಿಯರ ಬಗ್ಗೆ. ಬಿಬಿಸಿ ರೇಡಿಯೋದ ಜಾನ್ ಪೀಲ್ 1978ರಲ್ಲಿ ಅವರ ‘ಟೀನೇಜ್ ಕಿಕ್ಸ್’ ಹಾಡನ್ನು ಒಂದರ ಹಿಂದೆ ಒಂದು ಎರಡು ಸಲ ಹಾಕಿದ. ಪತ್ರಿಕೆಯವರು ಮಾತ್ರ ಗಲಭೆ ಬಗ್ಗೆ ಯಾಕೆ ಹಾಡುವುದಿಲ್ಲ ಎಂದು ಕೇಳುತ್ತಲೇ ಇದ್ದರು. ನಮ್ಮ ಹುಡುಗರಿಗೂ ಮೊನ್ನೆ ಹುಬ್ಬಳ್ಳಿಯಿಂದ ಬಂದ ನೆಂಟರೊಬ್ಬರು ಕೇಳಿದರು, ‘ಬೆಳಗಾವ್ಯಾಗ ಇದ್ದು ಗಡಿ ಬಗ್ಗೆ ಒಂದೂ ಹಾಡಿಲ್ಲಲ್ಲೋ?’ ನಾಲ್ವರಲ್ಲಿ ಇಬ್ಬರ ಮನೆಮಾತು ಮರಾಠಿ. ಅವರು ಸದ್ಯಕ್ಕೆ ಕಟ್ಟಿರುವ ಹಾಡು ಬಸ್ ಪಾಸಿನ ಕ್ಯೂ ಬಗ್ಗೆ.

ಈ ವರ್ಷ ಕಾಲೇಜಿನ ಗ್ಯಾದರಿಂಗ್‌ನಲ್ಲಿ ಅದನ್ನು ಹಾಡುತ್ತೇವೆ ಎಂದು ಹೆಸರು ಕೊಟ್ಟರು. ಮೊದಲು ನಮ್ಮ ಮುಂದೆ ಹಾಡಿ ತೋರಿಸಿ ಎಂದಿತು ಕಮಿಟಿ. ನಾನು ಅಕ್ಕನ ಮಗನಿಗೆ ಡರ್ಬಿಯ ಕಥೆ ಹೇಳಿದೆ. ಅವ ನಕ್ಕ. ಆದರೂ ಹೋದರು, ಹಾಡಿ ತೋರಿಸಿದರು. ಪರ್ಮಿಶನ್ ಸಿಕ್ಕಿತು, ಒಂದು ಷರತ್ತಿನ ಮೇಲೆ: ಮೊದಲು ಒಂದು ದಾಸರ ಪದ ಹೇಳಬೇಕು. ಹೇಳಿದರು, ಅದೇ ಡ್ರಮ್ಮಿಗೆ. ಮುಂದಿನ ಸಾಲಿನಲ್ಲಿ ಕೂತಿದ್ದ ಕಾಕಾ ಅದಕ್ಕೆ ಒನ್ಸ್‌ಮೋರ್ ಕೂಗಿದರಂತೆ.