ಶ್ರೀಲಂಕಾ ಪ್ರವಾಸೋದ್ಯಮ: ಬಲ ಎಲ್ಲಿದೆ, ಎಲ್ಲಿ ಸೋರುತ್ತಿದೆ

"ಅಭಿವೃದ್ಧಿಶೀಲ ದೇಶವೊಂದರ ಪ್ರವಾಸೋದ್ಯಮದ ಬಲ ಮತ್ತು ದೌರ್ಬಲ್ಯಗಳನ್ನು ವಿವರಿಸಿ." ಪರೀಕ್ಷೆಯ ಈ ಪ್ರಶ್ನೆಗೆ ನಾವೆಲ್ಲ ಬರೆಯುವ ಉತ್ತರ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ವಿದೇಶಿ ಹಣ ಬರುತ್ತದೆ, ಕೆಲಸ ಸಿಗುತ್ತದೆ, ಪರಿಸರ ಹಾಳಾಗುತ್ತದೆ. ಯಾವ ದೇಶದ ಹೆಸರು ಹಾಕಿದರೂ ಆ ಉತ್ತರ ಹೊಂದಿಕೊಳ್ಳುತ್ತದೆ. ಅಂಕ ಬೀಳದಿರುವುದು ಅದಕ್ಕೇ. ಹಾಗಾಗಿ ಒಂದೇ ದೇಶವನ್ನು ಹಿಡಿದು ಓದೋಣ. ನಾನು ಆರಿಸಿಕೊಂಡಿರುವುದು ಶ್ರೀಲಂಕಾ. ಬೆಂಗಳೂರಿನಿಂದ ವಿಮಾನದಲ್ಲಿ ಸುಮಾರು ಒಂದೂವರೆ ಗಂಟೆ ದೂರ.

ಮೊದಲು ನಾಲ್ಕು ಅಂಕಿ ನೆನಪಿಟ್ಟುಕೊಳ್ಳಿ. 2018ರಲ್ಲಿ 23.3 ಲಕ್ಷ ವಿದೇಶಿ ಪ್ರವಾಸಿಗರು ಬಂದರು, ಸುಮಾರು 438 ಕೋಟಿ ಡಾಲರ್ ಗಳಿಕೆಯಾಯಿತು. 2024ರಲ್ಲಿ ಬಂದವರು 20.5 ಲಕ್ಷ, ಗಳಿಕೆ ಸುಮಾರು 317 ಕೋಟಿ ಡಾಲರ್. ಈಗ ಭಾಗಿಸಿ ನೋಡಿ. 2018ರಲ್ಲಿ ತಲಾ ಸುಮಾರು 1,880 ಡಾಲರ್, 2024ರಲ್ಲಿ ಸುಮಾರು 1,540. ಜನರ ಲೆಕ್ಕ ಶೇಕಡಾ 12ರಷ್ಟು ಕಡಿಮೆಯಾಗಿದ್ದರೆ ಹಣದ ಲೆಕ್ಕ ಶೇಕಡಾ 28ರಷ್ಟು ಇಳಿದಿದೆ. "ಪ್ರವಾಸಿಗರು ಮತ್ತೆ ಬಂದರು" ಎಂಬ ಸುದ್ದಿ ಓದಿ ಖುಷಿಪಡುವ ಮೊದಲು ಈ ಭಾಗಾಕಾರ ಮಾಡಬೇಕು ಅನ್ನುವುದು ನನ್ನ ಮಾತು. ಎಷ್ಟು ಜನ ಬಂದರು ಅನ್ನುವುದಕ್ಕಿಂತ, ಬಂದ ಹಣದಲ್ಲಿ ಎಷ್ಟು ಯಾರ ಕೈಯಲ್ಲಿ ಉಳಿಯಿತು ಅನ್ನುವುದೇ ಮುಖ್ಯ. ಕೆಳಗಿನದನ್ನೆಲ್ಲ ಈ ಪ್ರಶ್ನೆ ಇಟ್ಟುಕೊಂಡೇ ಓದಿ.

ಎರಡು ಮಳೆಗಾಲ

ಬಲಗಳಲ್ಲಿ ಎಲ್ಲರೂ ಬರೆಯುವುದು ಪರಂಪರೆ ಮತ್ತು ನಿಸರ್ಗ. ಸರಿಯೇ. 65,610 ಚದರ ಕಿ.ಮೀ. ದ್ವೀಪ ಅದು, ಕರ್ನಾಟಕದ ಮೂರನೇ ಒಂದು ಭಾಗದಷ್ಟು. ಅಷ್ಟರಲ್ಲೇ ಯುನೆಸ್ಕೊ ಪಟ್ಟಿಯ 8 ತಾಣಗಳಿವೆ: ಅನುರಾಧಪುರ, ಪೊಲೊನ್ನರುವ, ಸಿಗಿರಿಯ, ದಂಬುಲ್ಲ, ಕ್ಯಾಂಡಿ, ಗಾಲೆ ಕೋಟೆ, ಸಿಂಹರಾಜ ಕಾಡು, ನಡುವಿನ ಮಲೆನಾಡು. ಬೆಳಿಗ್ಗೆ ಬೆಟ್ಟದ ಚಳಿಯಲ್ಲಿದ್ದವರು ಸಂಜೆ ಹೊತ್ತಿಗೆ ಸಮುದ್ರದ ದಡದಲ್ಲಿರಬಹುದು.

ಆದರೆ ಇದಕ್ಕಿಂತ ದೊಡ್ಡ ಬಲ ಒಂದಿದೆ, ಅದನ್ನು ಬರೆಯುವವರು ಕಡಿಮೆ. ಅದು ಮಳೆ. ನಮ್ಮ ಮುಂಗಾರನ್ನು ತರುವ ಗಾಳಿಯೇ ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಶ್ರೀಲಂಕಾದ ಪಶ್ಚಿಮ ಮತ್ತು ದಕ್ಷಿಣ ತೀರಕ್ಕೆ ಮಳೆ ತರುತ್ತದೆ. ಆಗ ಗಾಲೆ, ಮಿರಿಸ್ಸ ಕಡೆ ಕಡಲು ಕೆರಳಿರುತ್ತದೆ. ಅದೇ ಹೊತ್ತಿನಲ್ಲಿ ನಡುವಿನ ಬೆಟ್ಟದ ಆಚೆ, ಪೂರ್ವ ತೀರದ ತ್ರಿಂಕೋಮಲಿ, ಅರುಗಮ್ ಬೇಗಳಲ್ಲಿ ಬಿಸಿಲು. ಡಿಸೆಂಬರ್ ಬಂದರೆ ಉಲ್ಟಾ. ಈಶಾನ್ಯದ ಗಾಳಿ ಪೂರ್ವಕ್ಕೆ ಮಳೆ ತರುತ್ತದೆ, ಪಶ್ಚಿಮ ಒಣಗಿರುತ್ತದೆ. ಅಂದರೆ ವರ್ಷದ ಹೆಚ್ಚಿನ ತಿಂಗಳುಗಳಲ್ಲಿ ಎಲ್ಲೋ ಒಂದು ಕಡೆ ಸೀಸನ್ ಇದ್ದೇ ಇರುತ್ತದೆ. ಸೀಸನ್ ಮುಗಿದ ಮೇಲೆ ಬಾಗಿಲು ಹಾಕಿಕೊಂಡು ಕೂರುವ ಪ್ರವಾಸಿ ಊರುಗಳು ಜಗತ್ತಿನ ತುಂಬ ಇವೆ. ಶ್ರೀಲಂಕಾಕ್ಕೆ ಆ ಕಷ್ಟ ಬರಬೇಕಿರಲಿಲ್ಲ.

ಆದರೂ ಬಂದಿದೆ. 1983ರಿಂದ 2009ರವರೆಗೆ ನಡೆದ ಅಂತರ್ಯುದ್ಧದಲ್ಲಿ ಉತ್ತರ ಮತ್ತು ಪೂರ್ವ ನಲುಗಿಹೋದವು. ಆ 26 ವರ್ಷ ದೊಡ್ಡ ಹೋಟೆಲ್, ಒಳ್ಳೆಯ ರಸ್ತೆ, ತರಬೇತಾದ ಕೆಲಸಗಾರರು ಎಲ್ಲ ಪಶ್ಚಿಮ ಮತ್ತು ದಕ್ಷಿಣದಲ್ಲೇ ಬೆಳೆದರು. ಜುಲೈನಲ್ಲಿ ಪೂರ್ವ ತೀರಕ್ಕೆ ಜನ ಹೋಗಬಹುದು, ಆದರೆ ಪಶ್ಚಿಮದಲ್ಲಿರುವಷ್ಟು ಕೋಣೆಗಳು ಅಲ್ಲಿಲ್ಲ. ನಿಸರ್ಗ ಕೊಟ್ಟ ಬಲದಲ್ಲಿ ಅರ್ಧ ಹಾಗೇ ಬಿದ್ದಿದೆ. ಬಲ ಒಂದು ಕಂಬಸಾಲು, ದೌರ್ಬಲ್ಯ ಇನ್ನೊಂದು ಕಂಬಸಾಲು ಅಂತ ಗೆರೆ ಹಾಕಿ ಬರೆದರೆ ಈ ಸಂಬಂಧವೇ ಕಾಣುವುದಿಲ್ಲ.

ಒಂದು ಭಾನುವಾರ

2019ರ ಏಪ್ರಿಲ್ 21, ಈಸ್ಟರ್ ಭಾನುವಾರ. ಮೂರು ಚರ್ಚ್‌ಗಳಲ್ಲಿ, ಕೊಲಂಬೊದ ಮೂರು ದೊಡ್ಡ ಹೋಟೆಲ್‌ಗಳಲ್ಲಿ ಬಾಂಬ್ ಸಿಡಿಯಿತು. 260ಕ್ಕೂ ಹೆಚ್ಚು ಜನ ಸತ್ತರು. ಹಿಂದಿನ ವರ್ಷ ಮೇ ತಿಂಗಳಲ್ಲಿ ಸುಮಾರು 1.29 ಲಕ್ಷ ಪ್ರವಾಸಿಗರು ಬಂದಿದ್ದ ದೇಶಕ್ಕೆ ಆ ಮೇ ತಿಂಗಳಲ್ಲಿ ಬಂದವರು 38 ಸಾವಿರಕ್ಕೂ ಕಡಿಮೆ. ಸ್ವಲ್ಪ ಚೇತರಿಸಿಕೊಳ್ಳುವಷ್ಟರಲ್ಲಿ ಕೊರೊನಾ ಬಂತು. 2021ರ ಇಡೀ ವರ್ಷಕ್ಕೆ ಲೆಕ್ಕ ಎರಡು ಲಕ್ಷವನ್ನೂ ಮುಟ್ಟಲಿಲ್ಲ.

ಇಲ್ಲಿ ಸ್ವಲ್ಪ ನಿಲ್ಲಿ. ಹೊರನಾಡಿನಲ್ಲಿ ದುಡಿಯುವವರು ಕಳಿಸುವ ಹಣ, ಸಿದ್ಧ ಉಡುಪಿನ ರಫ್ತು, ಇವೆರಡರ ನಂತರ ಆ ದೇಶಕ್ಕೆ ಡಾಲರ್ ತರುತ್ತಿದ್ದುದು ಪ್ರವಾಸೋದ್ಯಮ. ಅದು ನಿಂತಾಗ ಡಾಲರ್ ಖಾಲಿಯಾಗತೊಡಗಿತು. 2019ರ ತೆರಿಗೆ ಕಡಿತ, ಮೊದಲೇ ಇದ್ದ ಸಾಲದ ಹೊರೆ, 2021ರಲ್ಲಿ ರಾಸಾಯನಿಕ ಗೊಬ್ಬರದ ಆಮದು ನಿಲ್ಲಿಸಿದ್ದು ಎಲ್ಲ ಸೇರಿ 2022ರ ಏಪ್ರಿಲ್‌ನಲ್ಲಿ ದೇಶ ವಿದೇಶಿ ಸಾಲದ ಕಂತು ಕಟ್ಟುವುದನ್ನೇ ನಿಲ್ಲಿಸಿತು. ಡಾಲರ್ ಇಲ್ಲದೆ ಪೆಟ್ರೋಲ್ ಇಲ್ಲ. ಪೆಟ್ರೋಲ್ ಇಲ್ಲದೆ ಪ್ರವಾಸಿಗರ ವ್ಯಾನ್ ಓಡುವುದಿಲ್ಲ. ಪ್ರವಾಸಿಗರು ಬಾರದೆ ಡಾಲರ್ ಇಲ್ಲ. ಬಾವಿಯ ನೀರಿಂದಲೇ ಪಂಪಿನ ಕರೆಂಟು ಹುಟ್ಟಬೇಕು ಅನ್ನುವಂಥ ಸ್ಥಿತಿ ಅದು.

ಆ ಸಮಯದಲ್ಲಿ ಹೋಟೆಲ್‌ಗಳ ಒಳ್ಳೆಯ ಅಡುಗೆಯವರು, ರಿಸೆಪ್ಷನ್‌ನವರು ಕೊಲ್ಲಿ ದೇಶಗಳಿಗೆ, ಮಾಲ್ಡೀವ್ಸ್‌ಗೆ ಹೊರಟುಹೋದರು. ಪ್ರವಾಸಿಗರು ವಾಪಸ್ ಬಂದರೂ ಅವರು ಬಂದಿಲ್ಲ. ಕೆಲಸ ಕಲಿತವರ ಕೊರತೆ ಇವತ್ತಿಗೂ ಇದೆ. ಹೋಟೆಲ್ ಕೆಲಸಕ್ಕೆ ಹೆಣ್ಣುಮಕ್ಕಳನ್ನು ಕಳಿಸಲು ಮನೆಯವರು ಹಿಂಜರಿಯುವುದೂ ಇದನ್ನು ಇನ್ನಷ್ಟು ಬಿಗಿ ಮಾಡಿದೆ.

ಹಣ ಸೋರುವುದು ಹೇಗೆ

ಪಠ್ಯದಲ್ಲಿ "ಸೋರಿಕೆ" ಎಂಬ ಪದ ಬರುತ್ತದೆ. ಪ್ರವಾಸಿ ಕೊಟ್ಟ ಹಣದಲ್ಲಿ ದೇಶದ ಹೊರಗೆ ಹೋಗಿಬಿಡುವ ಪಾಲು ಅದು. ವಿದೇಶಿ ವಿಮಾನದ ಟಿಕೆಟ್, ಆನ್‌ಲೈನ್ ಬುಕಿಂಗ್ ಕಮಿಷನ್, ಆಮದಾದ ಚೀಸ್ ಮತ್ತು ವೈನ್, ಹೋಟೆಲ್‌ನ ಲಿಫ್ಟು, ಎಸಿ. ಎಲ್ಲದಕ್ಕೂ ಡಾಲರ್ ಹೊರಗೆ ಹೋಗುತ್ತದೆ.

ನನಗೆ ಇದು ಸರಿಯಾಗಿ ಅರ್ಥವಾಗಿದ್ದು ಎಲ್ಲ ಎಂಬ ಬೆಟ್ಟದ ಊರಿನ ಒಂದು ಹೋಮ್‌ಸ್ಟೇಯಲ್ಲಿ, ತಿಂಡಿ ತಟ್ಟೆಯ ಮುಂದೆ. ನಮ್ಮ ಒತ್ತು ಶ್ಯಾವಿಗೆಯಂಥದ್ದೇ ಇಂದಿಯಾಪ್ಪ, ತೆಂಗಿನ ಹಾಲು ಹಾಕಿದ ಬೇಳೆ ಸಾರು, ಕೆಂಪು ಮೆಣಸು ಹಾಕಿ ಕಲಸಿದ ಕಾಯಿತುರಿಯ ಪೊಲ್ ಸಂಬೋಲ, ಒಂದು ಬಾಳೆಹಣ್ಣು. ಬೇಳೆ ಬಿಟ್ಟರೆ ಉಳಿದದ್ದು ಹೆಚ್ಚಾಗಿ ಆ ದೇಶದಲ್ಲೇ ಬೆಳೆದದ್ದು. ಆ ತಿಂಡಿಗೆ ನಾನು ಕೊಟ್ಟ ದುಡ್ಡು ತೆಂಗಿನಕಾಯಿ ಮಾರುವವನ ತನಕ ಹೋಯಿತು. ಕೊಲಂಬೊದ ದೊಡ್ಡ ಹೋಟೆಲ್‌ನಲ್ಲಿ ಬೆಣ್ಣೆ, ಹ್ಯಾಮ್, ಸೇಬು ತಿಂದಿದ್ದರೆ ಅದು ಅಷ್ಟು ದೂರ ಹೋಗುತ್ತಿರಲಿಲ್ಲ, ಅಲ್ವಾ? ಹಾಗಂತ ದೊಡ್ಡ ಹೋಟೆಲ್ ಬೇಡವೇ ಬೇಡ ಅನ್ನುವಂತಿಲ್ಲ. ತಿಂಗಳ ಸಂಬಳ, ಪಿ.ಎಫ್. ಥರದ ಸೌಲಭ್ಯ ಸಿಗುವುದು ಹೆಚ್ಚಾಗಿ ಅಲ್ಲೇ. ಉತ್ತರ ಬರೆಯುವಾಗ ಎರಡನ್ನೂ ಹೇಳಿ.

ಒಂದೇ ಕಡೆ ನುಗ್ಗುವುದು

ಸಫಾರಿಗೆ ಹೆಸರಾದ ಯಾಲ ಕಾಡಿನ ಒಂದನೇ ಬ್ಲಾಕ್‌ನಲ್ಲಿ ಚಿರತೆ ಕಂಡರೆ ಜೀಪ್ ಚಾಲಕರಲ್ಲಿ ಸುದ್ದಿ ಹರಡುತ್ತದೆ. ಐದು ನಿಮಿಷದಲ್ಲಿ ಹತ್ತಾರು ಜೀಪು, ಧೂಳು, ಡೀಸೆಲ್ ವಾಸನೆ, ಒಬ್ಬರ ಮೇಲೊಬ್ಬರು ಕ್ಯಾಮೆರಾ. ಚಾಲಕನನ್ನು ಬೈದು ಪ್ರಯೋಜನವಿಲ್ಲ. ಚಿರತೆ ತೋರಿಸಿದರೆ ಟಿಪ್ಸು, ಇಲ್ಲದಿದ್ದರೆ ಇಲ್ಲ. ಮಿರಿಸ್ಸದಲ್ಲಿ ತಿಮಿಂಗಿಲದ ಹಿಂದೆ ಓಡುವ ದೋಣಿಗಳದ್ದೂ ಇದೇ ಕಥೆ.

ನೀತಿಯ ಗೊಂದಲವನ್ನೂ ಒಂದು ಸಾಲಲ್ಲಿ ಸೇರಿಸಿ: 2024ರಲ್ಲಿ ವೀಸಾ ಕೆಲಸವನ್ನು ಹೊರಗಿನ ಕಂಪನಿಗಳಿಗೆ ಕೊಟ್ಟು, ಶುಲ್ಕ ಜಾಸ್ತಿಯಾಗಿ ಗಲಾಟೆಯಾಗಿ, ಆಗಸ್ಟ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು.

ಚಿತ್ರದಲ್ಲಿರುವವರು

2024ರಲ್ಲಿ ಬಂದ ಪ್ರತಿ ಐವರಲ್ಲಿ ಒಬ್ಬರು ಭಾರತದವರು. ನಮ್ಮವರು ಸಾಮಾನ್ಯವಾಗಿ ನುವಾರ ಎಲಿಯ ಎಂಬ ಬೆಟ್ಟದ ಊರಿಗೆ ಹೋಗಿ, ಹತ್ತಿರದ ಸೀತಾ ಎಲಿಯದ ಗುಡಿಗೆ ಕೈಮುಗಿದು, ದಾರಿಯಲ್ಲಿ ಚಹಾ ತೋಟದ ಫೋಟೊ ತೆಗೆಯುತ್ತಾರೆ. ಬೆನ್ನಿಗೆ ಬುಟ್ಟಿ ಕಟ್ಟಿಕೊಂಡ ಹೆಂಗಸರು ಎಲ್ಲ ಫೋಟೊದಲ್ಲೂ ಇರುತ್ತಾರೆ. ಬ್ರಿಟಿಷರು 19ನೇ ಶತಮಾನದಲ್ಲಿ ತಮಿಳುನಾಡಿನಿಂದ ಕರೆದೊಯ್ದ ಕೂಲಿಗಳ ವಂಶದವರು ಇವರು. ಅನೇಕರು ಇಂದಿಗೂ ಇರುವುದು ಲೈನ್ ಮನೆಗಳಲ್ಲಿ, ಅಂದರೆ ಒಂದಕ್ಕೊಂದು ಅಂಟಿಕೊಂಡ ಕೂಲಿಗಳ ಸಾಲುಮನೆಗಳಲ್ಲಿ. ಕೊಡಗು, ಚಿಕ್ಕಮಗಳೂರು ಕಡೆಯವರಿಗೆ ಲೈನ್ ಮನೆ ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ತೋಟದ ದೊರೆಯ ಬಂಗಲೆ ಕೆಲವು ಕಡೆ ದುಬಾರಿ ಹೋಟೆಲ್ ಆಗಿದೆ, ಲೈನ್ ಮನೆ ಹಾಗೇ ಇದೆ. ದೇಶದ ಪ್ರಚಾರ ಚಿತ್ರಗಳಿಗೆ ಮುಖ ಕೊಟ್ಟವರಿಗೆ ಆ ಉದ್ಯಮದಿಂದ ಹೆಚ್ಚೇನೂ ಸಿಗದಿರುವುದನ್ನು ನಾನು ದೌರ್ಬಲ್ಯಗಳ ಪಟ್ಟಿಯಲ್ಲಿ ಮೊದಲು ಬರೆಯುತ್ತೇನೆ.

ಅಭ್ಯಾಸಕ್ಕೆ ಒಂದು ಕೆಲಸ. ಶ್ರೀಲಂಕಾದ ನಕ್ಷೆ ಬರೆದು ಗಾಲೆ, ಯಾಲ, ಎಲ್ಲ, ಅರುಗಮ್ ಬೇ, ತ್ರಿಂಕೋಮಲಿ ಗುರುತಿಸಿ. ಎರಡು ಸೀಸನ್‌ಗೆ ಎರಡು ಬಣ್ಣ ಹಾಕಿ. ಆಮೇಲೆ ಹಂಬಂಟೋಟ ಹತ್ತಿರದ ಮಟ್ಟಲ ವಿಮಾನ ನಿಲ್ದಾಣ ಗುರುತಿಸಿ. ಚೀನಾದ ಸಾಲದಿಂದ ಕಟ್ಟಿ 2013ರಲ್ಲಿ ತೆರೆದದ್ದು ಅದು. ಯಾಲ, ಎಲ್ಲ, ಅರುಗಮ್ ಬೇ ಮೂರೂ ಕೊಲಂಬೊಗಿಂತ ಅದಕ್ಕೇ ಹತ್ತಿರ. ಹಾಗಿದ್ದೂ ವಿಮಾನಗಳು ಬಾರದೆ, ಒಂದು ಹಂತದಲ್ಲಿ ಅಲ್ಲಿನ ಕಟ್ಟಡದಲ್ಲಿ ಭತ್ತ ತುಂಬಿಡಬೇಕಾಯಿತು. ಯಾಕೆ ಹೀಗಾಯಿತು ಅಂತ ಅರ್ಧ ಪುಟ ಬರೆಯಿರಿ.